ಡಾಕ್ಟರಮ್ಮ ಬಿಟ್ಟು ಬಂದ ಅಂಚು

ನನ್ನ ತಂಗಿಯ ತಲೆಯೊಳಗಿನ ಗಡ್ಡೆಯನ್ನು ಡಾಕ್ಟರಮ್ಮ ಪೂರ್ತಿ ತೆಗೆಯಲಿಲ್ಲ. ಬೇಕೆಂದೇ ಅಂಚಿನಲ್ಲಿ ಸ್ವಲ್ಪ ಬಿಟ್ಟರು, ಬಿಟ್ಟಿದ್ದೇ ಸರಿ. ಆದದ್ದು ಇಷ್ಟೇ. ದೇವರು ಕೈ ಹಿಡಿದ ಎನ್ನುವವರು ತಂಗಿಯ ಊರು ಆದಿವಾಲದಲ್ಲಿ ಇದ್ದಾರೆ, ಕೆಲಸ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡರು ಎಂದು ಬೈಯುವವರೂ ಇದ್ದಾರೆ. ಅವರಲ್ಲಿ ಯಾರೂ ಆಸ್ಪತ್ರೆಯ ಬಾಗಿಲು ಕಂಡವರಲ್ಲ. ನಾನು ಕಂಡವಳು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಚಿಕ್ಕಜಾಜೂರಿನಲ್ಲಿ ಸ್ಟೇಷನ್ನಿನ ಹತ್ತಿರ ನಮ್ಮ ಮನೆ. ನನ್ನ ಯಜಮಾನರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು, ಹಳಿ ನೋಡಿಕೊಳ್ಳುವ ಕೆಲಸ. ಅವರು ಹೋದ ಮೇಲೂ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಅಲ್ಲೇ ಇದ್ದೇನೆ. ನನಗಿರುವುದು ಒಬ್ಬಳೇ ತಂಗಿ. ಹಿರಿಯೂರಿನ ಕಡೆ ಆದಿವಾಲಕ್ಕೆ ಮದುವೆಯಾಗಿ ಹೋದವಳು.

ತಂಗಿ ಬಾಯಾಳಿ. ಬೈಗುಳವಾಗಿ ಹೇಳುತ್ತಿಲ್ಲ, ಅವಳ ಕಸುಬೇ ಅದು. ಈರುಳ್ಳಿ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರ ಗುಂಪೊಂದನ್ನು ಅವಳು ನಡೆಸುತ್ತಾಳೆ. ಯಾರ ಹೊಲಕ್ಕೆ ಯಾವತ್ತು ಹೋಗುವುದು, ಯಾರು ಯಾರು ಹೋಗುವುದು ಎಂದು ಹೊಲದವರ ಜೊತೆ ಮಾತಾಡಿ ಗೊತ್ತು ಮಾಡುವವಳು ಅವಳು. ಸಾಲು ಹಿಡಿದು ಕುಕ್ಕರಗಾಲಲ್ಲಿ ಮುಂದೆ ಸರಿಯುವಾಗ ಹಿಂದೆ ಬಿದ್ದವಳನ್ನು ಹೆಸರು ಹಿಡಿದು ಕೂಗಿ, ಬೈದು, ನಗಿಸಿ ಸಂಜೆಯವರೆಗೆ ಎಳೆದುಕೊಂಡು ಹೋಗುವುದು ಆ ಬಾಯಿಯೇ. ಅವಳ ಕೈಗಿಂತ ಚುರುಕಾದ ಕೈಗಳು ಆ ಗುಂಪಿನಲ್ಲಿ ಬೇಕಾದಷ್ಟಿವೆ. ಮಾತು ಹೋದರೆ ಅವಳ ಹಿಂದೆ ಯಾರೂ ಹೊಲಕ್ಕೆ ಇಳಿಯುವುದಿಲ್ಲ, ಅದು ಅವಳಿಗೂ ಗೊತ್ತು.

ಹೋದ ವರ್ಷ ಮುಂಗಾರಿನ ಈರುಳ್ಳಿಗೆ ಕಳೆ ತೆಗೆಯುತ್ತಿದ್ದಾಗ ಅವಳ ಮಾತು ಹಳಿ ತಪ್ಪಿತು. ನೀರು ತಾ ಎನ್ನಲು ಹೋಗಿ ಬುಟ್ಟಿ ತಾ ಎಂದಳು. ಬುಟ್ಟಿ ತಂದುಕೊಟ್ಟವಳಿಗೆ, “ಲೇ, ಬುಟ್ಟೀಲಿ ಏನ್ ಕುಡೀಲಿ, ನಿನ್ ತಲೆಗಿಷ್ಟು!” ಎಂದು ಬೈದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಎರಡು ವಾರ ಕಳೆಯುವುದರೊಳಗೆ ಸಾಲಿನ ನಡುವೆಯೇ ಬಿದ್ದು ಬಲಗೈ ಬಲಗಾಲು ಒದರಿದಳು. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಕೈಗೆ ಕಬ್ಬಿಣದ ಕುಡುಗೋಲು ಕೊಟ್ಟರು. ಪುಣ್ಯಕ್ಕೆ ಅದರಿಂದ ಯಾರಿಗೂ ಗಾಯವಾಗಲಿಲ್ಲ. ಹಿರಿಯೂರಿನ ಆಸ್ಪತ್ರೆಯವರು ಚಿತ್ರದುರ್ಗಕ್ಕೆ ಕಳಿಸಿದರು. ದುರ್ಗದಲ್ಲಿ ತಲೆಯ ಸ್ಕ್ಯಾನ್ ಮಾಡಿ, ಎಡಗಡೆ ಗಡ್ಡೆ ಬೆಳೆದಿದೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು.

ಅಲ್ಲಿ ಸಿಕ್ಕಿದವರು ಈ ಡಾಕ್ಟರಮ್ಮ. ಸಣ್ಣ ಆಳು, ವಯಸ್ಸೂ ಹೆಚ್ಚಿಲ್ಲ, ನನ್ನ ಸೊಸೆಯ ಓರಗೆಯವರು. ತಲೆ ಕೊಯ್ಯುವ ಡಾಕ್ಟರು ಎಂದರೆ ಗಡಸು ಗಂಡಸು ಎಂದುಕೊಂಡಿದ್ದ ತಂಗಿಯ ಗಂಡ ಇವರನ್ನು ನರ್ಸು ಎಂದುಕೊಂಡು, “ದೊಡ್ಡ ಡಾಕ್ಟರು ಯಾವಾಗ ಬರ್ತಾರೆ?” ಎಂದು ಕೇಳಿದ. “ಬಂದಾಗಿದೆ, ಕೂತ್ಕೊಳ್ಳಿ” ಎಂದರು. ಮುಖದಲ್ಲಿ ಕೋಪ ಇರಲಿಲ್ಲ. ಅಲ್ಲೇ ನನಗೆ ಅವರು ಹಿಡಿಸಿದರು.

ಗಡ್ಡೆ ಮಾತಿನ ಜಾಗಕ್ಕೆ ಅಂಟಿಕೊಂಡಿದೆ, ಆದ್ದರಿಂದ ಆಪರೇಷನ್ನಿನ ನಡುವೆ ಎಚ್ಚರ ಮಾಡುತ್ತೇವೆ ಎಂದರು. ಮಿದುಳಿಗೆ ನೋವು ತಿಳಿಯುವುದಿಲ್ಲವಂತೆ, ತಲೆಯ ಚರ್ಮಕ್ಕೆ ಮರಗಟ್ಟುವ ಸೂಜಿ ಕೊಟ್ಟರೆ ಸಾಕಂತೆ.

“ನಾವು ಒಳಗೆ ಕೆಲಸ ಮಾಡ್ತಿರುವಾಗ ನೀವು ಮಾತಾಡ್ತಾ ಇರಬೇಕು. ನಿಮ್ಮ ಮಾತು ಎಲ್ಲಿ ನಿಲ್ಲುತ್ತೋ ಅಲ್ಲಿ ನಾವು ಕೈ ನಿಲ್ಲಿಸ್ತೀವಿ” ಎಂದರು.

“ಮಾತಾಡೋದಾ? ಅದೇನ್ ಕಷ್ಟ ಬಿಡ್ರಿ” ಎಂದಳು ತಂಗಿ. “ಸುಮ್ಕಿರು ಅಂದಿದ್ರೆ ಯೋಚ್ನೆ ಆಗ್ತಿತ್ತು.”

ಆಪರೇಷನ್ನಿನ ಹಿಂದಿನ ದಿನ ಮಾತು ಪರೀಕ್ಷೆ ಮಾಡುವ ಹುಡುಗಿಯೊಬ್ಬಳು ಬಂದಳು. ತಂಗಿಗೆ ದಿನಾ ಕಾಣುವ ವಸ್ತುಗಳ ಫೋಟೊ ಬೇಕು ಎಂದು ಮೊದಲೇ ಹೇಳಿಸಿದ್ದರು. ಕುಡುಗೋಲು, ಎಮ್ಮೆ, ರೊಟ್ಟಿ ಹಂಚು, ಈರುಳ್ಳಿ, ಎಲ್ಲವನ್ನೂ ತಂಗಿಯ ಮಗಳು ಊರಿನಿಂದ ಫೋನಿಗೆ ಕಳಿಸಿದ್ದಳು. ತಂಗಿ ಒಂದೊಂದನ್ನೂ ನೋಡಿ ಪಟಪಟ ಹೆಸರು ಹೇಳಿದಳು. ಆಮೇಲೆ ಆ ಹುಡುಗಿ, ನಿಮ್ಮ ಊರು ಯಾವುದು, ಮಕ್ಕಳೆಷ್ಟು, ಯಜಮಾನರ ಹೆಸರೇನು ಎಂದು ಕೇಳಿದಳು. ಪಕ್ಕದಲ್ಲಿ ಕೂತಿದ್ದ ತಂಗಿಯ ಗಂಡ ತನ್ನ ಹೆಸರನ್ನು ತಾನೇ, ತಂದೆಯ ಹೆಸರು ಸಮೇತ, ಗಟ್ಟಿಯಾಗಿ ಹೇಳಿದ. ಹುಡುಗಿ ಬರೆದುಕೊಂಡಳು. ತಂಗಿ ಹೇಳಿದ್ದೋ ಗಂಡ ಹೇಳಿದ್ದೋ ಎಂದು ಆಗ ಯಾರೂ ಲಕ್ಷ್ಯ ಕೊಡಲಿಲ್ಲ.

ಮಾರನೆಯ ದಿನ ಒಳಗೆ ನಡೆದದ್ದನ್ನು ತಂಗಿಯೇ ನನಗೆ ಆಮೇಲೆ ಹೇಳಿದಳು. ಎಚ್ಚರ ಆದಾಗ ತಲೆ ಅಲ್ಲಾಡದಂತೆ ಬಿಗಿ ಹಿಡಿದಿತ್ತು. ಮುಖದ ಮೇಲೆ ಹಸಿರು ಬಟ್ಟೆಯ ಗುಡಾರ. ಗುಡಾರದೊಳಗೆ ಆ ಹುಡುಗಿ ಬಗ್ಗಿ ಕೂತು ಒಂದೊಂದೇ ಫೋಟೊ ತೋರಿಸುತ್ತಿದ್ದಳು. ಹಿಂದಿನಿಂದ ಡಾಕ್ಟರಮ್ಮನ ದನಿ ಮಾತ್ರ. ತಂಗಿ ಎಮ್ಮೆ ಎಂದಳು, ಹಂಚು ಎಂದಳು. ಎಮ್ಮೆಯ ಫೋಟೊ ಎರಡನೇ ಸಲ ಬಂದಾಗ, “ಆಗ್ಲೇ ಹೇಳಿದ್ನಲ್ಲವ್ವ, ಎಮ್ಮೆ. ಹಾಲು ಕೊಡ್ತೈತೆ, ಒದೀತೈತೆ” ಎಂದಳು.

ಆಮೇಲೆ ಹುಡುಗಿ, “ನಿಮ್ಮ ಯಜಮಾನರ ಹೆಸರೇನು?” ಎಂದು ಕೇಳಿದಳು.

ತಂಗಿ ಸುಮ್ಮನಾದಳು.

ಹುಡುಗಿ ಮತ್ತೆ ಕೇಳಿದಳು. ತಂಗಿ ತುಟಿ ಬಿಚ್ಚಲಿಲ್ಲ. ಒಳಗೆಲ್ಲ ಗಪ್‌ಚಿಪ್. “ಸ್ಟಾಪ್” ಎಂದರಂತೆ ಡಾಕ್ಟರಮ್ಮ. ಯಾವುದೋ ಮೆಷಿನ್ನಿನ ಸದ್ದು ನಿಂತಿತು. ಮಾತಿನ ಜಾಗ ಇಷ್ಟು ಬೇಗ ಬಂತೇ ಎಂದು ಅವರೆಲ್ಲ ಗಾಬರಿಬಿದ್ದಿದ್ದರು.

ನಮ್ಮ ಕಡೆ ನನ್ನ ವಯಸ್ಸಿನವರು, ತಂಗಿಯ ವಯಸ್ಸಿನವರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳ ಕೈಲಿ ಹೇಳಿಸುತ್ತೇವೆ. ತಲೆ ಬಿಚ್ಚಿಕೊಂಡು ಮಲಗಿದಾಗಲೂ ಅವಳಿಗೆ ಆ ಕಟ್ಟು ಮುರಿಯಬೇಕು ಅನ್ನಿಸಲಿಲ್ಲ. ಇವರಿಗೆಲ್ಲ ಏನಾಯಿತು, ಯಾಕೆ ಸುಮ್ಮನಾದರು ಎಂದು ಸ್ವಲ್ಪ ಹೊತ್ತು ಕಾದು ಕೊನೆಗೆ ಅವಳೇ ಕೇಳಿದಳು:

“ಯಾಕ್ರವ್ವ ನಿಂತ್ರಿ? ಅವ್ರ ಹೆಸ್ರು ನಾನು ಹೇಳಂಗಿಲ್ಲ, ಬ್ಯಾರೆ ಏನಾರ ಕೇಳ್ರಿ.”

ಒಳಗಿದ್ದವರೆಲ್ಲ ಹೋ ಎಂದು ನಕ್ಕರಂತೆ. ಡಾಕ್ಟರಮ್ಮ ನಗು ತಡೆದುಕೊಂಡು, “ಅಮ್ಮ, ನಗಿಸಬೇಡಿ, ನನ್ನ ಕೈ ಅಲ್ಲಾಡುತ್ತೆ” ಎಂದರು. ಕೆಲಸ ಮತ್ತೆ ಶುರುವಾಯಿತು. ಅವಳು ಆಗ ಬಾಯಿ ಬಿಡದೆ ಇದ್ದಿದ್ದರೆ ಅಲ್ಲೇ ಮುಗಿಸಿ ಹೊಲಿದುಬಿಡುತ್ತಿದ್ದರೋ ಏನೋ. ತೆಗೆಯಬಹುದಾಗಿದ್ದ ಎಷ್ಟೋ ಭಾಗ ಅಲ್ಲೇ ಉಳಿಯುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಈರುಳ್ಳಿಯ ಫೋಟೊ ಬಂತು. ತಂಗಿ ಬಾಯಿ ತೆರೆದಳು. “ಅದು... ಅದು...” ಎಂದಳು, ಅಷ್ಟೇ. ಡಾಕ್ಟರಮ್ಮ ಕಡ್ಡಿಯಂಥ ಒಂದು ಸಾಧನವನ್ನು ಮಿದುಳಿನ ಮೇಲೆ ಇಟ್ಟಿದ್ದರಂತೆ, ಅದರ ತುದಿಯಲ್ಲಿ ಸಣ್ಣ ಕರೆಂಟು. ಅದನ್ನು ಎತ್ತಿದ ಕೂಡಲೇ “ಈರುಳ್ಳಿ” ಎಂದು ಮಾತು ಹೊರಬಿತ್ತು. ಮತ್ತೆ ಅಲ್ಲೇ ಇಟ್ಟರು, ಮಾತು ಹೋಯಿತು. ಎತ್ತಿದರು, ಬಂತು. ಆ ಜಾಗಕ್ಕೆ ಒಂದು ಚೀಟಿ ಅಂಟಿಸಿ ಗುರುತು ಮಾಡಿ, ಅಲ್ಲಿಗೆ ಸಾಕು ಎಂದು ನಿಲ್ಲಿಸಿದರು.

ಕೆಲವು ದಿನ ಬಿಟ್ಟು ನಮ್ಮನ್ನು ಕೂರಿಸಿಕೊಂಡು ಸ್ಕ್ಯಾನಿನ ಚಿತ್ರ ತೋರಿಸಿದರು. ತಂಗಿಯ ತಲೆಗೆ ಬಟ್ಟೆ ಸುತ್ತಿತ್ತು, ಮಾತು ನಿಧಾನವಾಗಿದ್ದರೂ ಸರಿಯಾಗಿತ್ತು.

“ಎಲ್ಲಾ ತೆಗೆದ್ರಾ ಮೇಡಂ?” ಎಂದ ಗಂಡ.

“ಕಣ್ಣಿಗೆ ಕಂಡದ್ದರಲ್ಲಿ ಬಹುಪಾಲು ತೆಗೆದಿದ್ದೀವಿ. ಮಾತಿನ ಜಾಗದ ಅಂಚಿನಲ್ಲಿ ಬಿಟ್ಟಿದ್ದೀವಿ.”

“ಬಿಟ್ಟಿದೀರಾ? ತಲೆ ತೆಗೆದಿದ್ದೇ ತೆಗೆದಿದ್ದು, ಬುಡಸಮೇತ ಕಿತ್ತು ಹಾಕಬಾರದಿತ್ತಾ?”

ಡಾಕ್ಟರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಆವತ್ತು ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತಿಳಿಯದ್ದನ್ನು ಎರಡೆರಡು ಸಲ ಕೇಳಿದೆ, ಅವರು ಬೇಸರಪಡಲಿಲ್ಲ.

ಈ ಗಡ್ಡೆಗೆ ಸಿಪ್ಪೆಯಿಲ್ಲ, ಚೀಲವಿಲ್ಲ. ಸ್ಕ್ಯಾನಿನಲ್ಲಿ ಎಲ್ಲಿಗೆ ಮುಗಿದಂತೆ ಕಾಣುತ್ತದೋ ಅಲ್ಲಿಗೆ ಮುಗಿದಿರುವುದಿಲ್ಲ. ಅದರ ಜೀವಕಣಗಳು ಒಂದೊಂದಾಗಿ ಗುಂಪು ಬಿಟ್ಟು ಸುತ್ತಲಿನ ಒಳ್ಳೆಯ ಮಿದುಳಿನೊಳಗೆ ಆಗಲೇ ಹೊರಟುಬಿಟ್ಟಿರುತ್ತವೆ. ಕಾಲಿಲ್ಲ, ಆದರೂ ನಡೆಯುತ್ತವೆ. ಮುಂದಕ್ಕೆ ಒಂದು ಎಳೆ ಚಾಚಿ, ಏನನ್ನೋ ಹಿಡಿದುಕೊಂಡು, ಹಿಂದಿನ ಮೈಯನ್ನು ಎಳೆದುಕೊಳ್ಳುತ್ತವೆ. ದಾರಿಯಲ್ಲಿ ಅಂಟಿನಂಥದ್ದು ಅಡ್ಡ ಬಂದರೆ ತಮ್ಮ ರಸದಿಂದ ಅದನ್ನು ಕರಗಿಸುತ್ತವೆ. ಸಂದು ಕಿರಿದಾಗಿದ್ದರೆ ತಮ್ಮ ನಡುವಿನ ಗಟ್ಟಿ ಬೀಜವನ್ನೂ ಹಿಸುಕಿಕೊಂಡು ನುಸುಳುತ್ತವೆ. ಹೊಸ ದಾರಿ ಕಡಿಯುವ ಉಸಾಬರಿಗೆ ಹೋಗುವುದು ಕಮ್ಮಿ. ಮಿದುಳು ತನಗಾಗಿ ಹಾಕಿಕೊಂಡ ನರದ ಎಳೆಗಳನ್ನು, ರಕ್ತದ ನಾಳಗಳನ್ನು ಹಿಡಿದೇ ಸಾಗುತ್ತವೆ.

ಅದನ್ನು ಕೇಳಿದಾಗ ನನಗೆ ಚಟ್ಟನೆ ಅರ್ಥವಾಯಿತು. ಚಿಕ್ಕಜಾಜೂರಿನಲ್ಲಿ ಪಕ್ಕದ ಹಳ್ಳಿಗೆ ಹೋಗುವವರು ಜಾಲಿಮುಳ್ಳಿನೊಳಗೆ ಯಾಕೆ ನುಗ್ಗುತ್ತಾರೆ? ಹಳಿ ಹಿಡಿದು ನಡೆಯುತ್ತಾರೆ. ಹಳಿ ಹಾಕಿದ್ದು ಅವರಿಗಾಗಿ ಅಲ್ಲ, ನಡೆಯಬೇಡಿ ಎಂದು ಬೋರ್ಡೂ ಇದೆ. ನಮ್ಮ ಯಜಮಾನರು ದಿನಾ ಬೈದರೂ ಜನ ಅದರ ಮೇಲೆಯೇ ನಡೆದರು. ಆ ಕಣಗಳದ್ದೂ ಅದೇ ಬುದ್ಧಿ.

“ಸರಿ, ಔಷಧಿ ಹಾಕಿ ಸಾಯಿಸ್ರಿ” ಎಂದ ತಂಗಿಯ ಗಂಡ.

ಅಲ್ಲೂ ಅವುಗಳ ಉಪಾಯವಿದೆ ಎಂದರು. ಔಷಧಿ ಮತ್ತು ನಾವು ಕರೆಂಟು ಎನ್ನುವ ರೇಡಿಯೇಷನ್ನು ಹೆಚ್ಚಾಗಿ ತಾಗುವುದು ಒಂದು ಎರಡಾಗಿ ಮರಿ ಹಾಕುತ್ತಿರುವ ಕಣಗಳಿಗೆ. ನಡೆಯುತ್ತಿರುವ ಕಣ ಆ ಹೊತ್ತಿನಲ್ಲಿ ಮರಿ ಹಾಕುವುದು ಕಮ್ಮಿ, ಆದ್ದರಿಂದ ಎಷ್ಟೋ ತಪ್ಪಿಸಿಕೊಳ್ಳುತ್ತವೆ. ಆಮೇಲೆ ಎಲ್ಲೋ ಒಂದು ಕಡೆ ಕೂತು ಸಂಸಾರ ಹೂಡುತ್ತವೆ. ಕೆಲವು ಒಂದಕ್ಕೊಂದು ಸಣ್ಣ ದಾರದಂಥ ಎಳೆ ಕಟ್ಟಿಕೊಂಡು, ಒಂದಕ್ಕೆ ಪೆಟ್ಟು ಬಿದ್ದರೆ ಉಳಿದವು ಆಸರೆ ಕೊಡುತ್ತವೆ. ಮಿದುಳಿಗೆ ತನ್ನದೇ ಕಾವಲಿನ ಕಣಗಳಿವೆಯಂತೆ. ಕಳ್ಳನನ್ನು ಹಿಡಿಯಬೇಕಾದ ಆ ಕಾವಲಿನವರನ್ನೇ ಒಲಿಸಿಕೊಂಡು ದಾರಿ ಬಿಡಿಸಿಕೊಳ್ಳುತ್ತವೆ. ಹಿಂದಿನ ಕಾಲದ ಡಾಕ್ಟರುಗಳು ಒಂದು ಕಡೆಯ ಅರ್ಧ ಮಿದುಳನ್ನೇ ತೆಗೆದು ನೋಡಿದ್ದರಂತೆ. ಉಳಿದ ಅರ್ಧದಲ್ಲಿ ಮತ್ತೆ ಗಡ್ಡೆ ಎದ್ದಿತು, ತೆಗೆಯುವ ಮೊದಲೇ ಕಣಗಳು ದಾಟಿಹೋಗಿದ್ದವು.

ನನ್ನ ತಂಗಿಯನ್ನು ಕಾಡುತ್ತಿರುವ ಪೀಡೆ ಅದು, ಒಪ್ಪುತ್ತೇನೆ. ಆದರೂ ಮೆಚ್ಚುವಂಥದ್ದನ್ನು ಮೆಚ್ಚದೆ ಇರುವುದು ನನ್ನ ಜಾಯಮಾನವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದು, ಕಣ್ಣಿಲ್ಲ, ತಲೆಯಿಲ್ಲ, ಹೇಳಿಕೊಟ್ಟವರಿಲ್ಲ. ಇಷ್ಟೆಲ್ಲ ಕಸರತ್ತು ಅದಕ್ಕೆ ಹೇಗೆ ಬಂತು? ಕೇಳಿಯೇಬಿಟ್ಟೆ. ಡಾಕ್ಟರಮ್ಮ ನಕ್ಕರು.

“ಅದು ಹೊರಗಿನದಲ್ಲ ಅಮ್ಮ, ಅವರದ್ದೇ ಮೈಯ ಕಣ. ನಾವು ಹೊಟ್ಟೆಯಲ್ಲಿ ಬೆಳೆಯುವಾಗ ಮಿದುಳಿನ ಕಣಗಳು ಹೀಗೇ ನಡೆದು ತಮ್ಮ ಜಾಗಕ್ಕೆ ಹೋಗಿ ಕೂತಿರುತ್ತವೆ. ಆ ಹಳೆಯ ವಿದ್ಯೆಯನ್ನ ಇದು ಬೇಡದ ಕಾಲದಲ್ಲಿ ಮತ್ತೆ ಎತ್ತಿಕೊಂಡಿದೆ.”

ಈ ಮಾತನ್ನು ನಾನು ಈಗಲೂ ಮೆಲುಕು ಹಾಕುತ್ತೇನೆ. ಹೊಟ್ಟೆಯಲ್ಲಿರುವಾಗ ನಮ್ಮನ್ನು ಮನುಷ್ಯರನ್ನಾಗಿ ಮಾಡಿದ ನಡಿಗೆಯೇ ಅಂತೆ ಅದು.

“ಅಂದ್ರೆ ಮತ್ತೆ ಬರ್ತೈತಾ?” ಎಂದಳು ತಂಗಿ.

“ಬರುತ್ತೆ. ಯಾವಾಗ ಅಂತ ಹೇಳೋಕಾಗಲ್ಲ. ನಿಮ್ಮದು ನಿಧಾನವಾಗಿ ಬೆಳೆಯೋ ಜಾತಿ. ಕರೆಂಟು, ಮಾತ್ರೆ ಕೊಟ್ಟು ಅದನ್ನ ಆದಷ್ಟು ದೂರ ತಳ್ಳೋಣ. ಆಗಾಗ ಸ್ಕ್ಯಾನ್ ಮಾಡಿ ನೋಡ್ತಾ ಇರೋಣ.”

ಸುಳ್ಳು ಧೈರ್ಯ ಹೇಳಲಿಲ್ಲ. ಸುತ್ತಿ ಬಳಸಿ ಮಾತಾಡುವ ಡಾಕ್ಟರುಗಳನ್ನು ನಾನು ಬಹಳ ನೋಡಿದ್ದೇನೆ, ನೇರ ಹೇಳಿದವರು ಇವರೊಬ್ಬರೇ.

ದಿನಾ ಕರೆಂಟು ಕೊಡಿಸಲು ದಾವಣಗೆರೆಗೆ ಬರೆದುಕೊಟ್ಟರು. ನಮ್ಮ ಮನೆಯಿಂದ ಅಲ್ಲಿಗೆ ರೈಲಿದೆ, ಆದ್ದರಿಂದ ಅಷ್ಟೂ ವಾರ ತಂಗಿ ನನ್ನ ಬಳಿ ಇರುವುದು ಎಂದು ಗೊತ್ತಾಯಿತು. ಅದಕ್ಕೆ ಮೊದಲು ಗಾಯ ಮಾಗಲಿ ಎಂದು ಅವಳನ್ನು ಆದಿವಾಲಕ್ಕೆ ಕಳಿಸಿದೆ. ಅಲ್ಲಿ ಅವಳ ಗಂಡನ ಕಿವಿಗೆ ಊರೆಲ್ಲ ಊದಿತು. ಹೊಸದುರ್ಗದ ನೆಂಟನೊಬ್ಬ, ಇನ್ನೊಂದು ಕಡೆ ಪೂರ್ತಿ ತೆಗೆದು ಕೊಡುತ್ತಾರೆ ಎಂದನಂತೆ. ಕರೆಂಟಿಗೆ ಹೋಗುವ ದಿನ ಹತ್ತಿರ ಬಂದಾಗ ತಂಗಿ ಫೋನ್ ಮಾಡಿ, “ಅಕ್ಕ, ಇವ್ರು ಮತ್ತೆ ತಲೆ ಕೊಯ್ಸಾಣ ಅಂತಾರೆ, ನೀನು ಬಾ” ಎಂದಳು. ಹೊಳಲ್ಕೆರೆ, ದುರ್ಗ, ಹಿರಿಯೂರು ಎಂದು ಬಸ್ಸು ಬದಲಿಸಿ ಮಧ್ಯಾಹ್ನದ ಊಟದ ಹೊತ್ತಿಗೆ ಆದಿವಾಲಕ್ಕೆ ಹೋದೆ.

ತಂಗಿಯ ಗಂಡ ಜಗಲಿಯ ಮೇಲೆ ಕೂತಿದ್ದ. “ಬರ್ರಿ ಅಕ್ಕೋರೆ, ಕುಂತ್ಕಳ್ರಿ” ಎಂದ, ಮುಖ ಮಾತ್ರ ಗಂಟಾಗಿತ್ತು.

“ಏನಪ್ಪ, ಏನೋ ಹೊಸ ಯೋಚ್ನೆ ಅಂತೆ?” ಎಂದೆ.

“ಹೊಸದೇನಲ್ಲ. ಆ ಡಾಕ್ಟರಮ್ಮ ಮೋಸ ಹೋಗಿದಾರೆ. ಇವ್ಳು ನನ್ ಹೆಸ್ರು ಹೇಳ್ದೆ ಸುಮ್ಕಾದ್ಲಲ್ಲ, ಅಲ್ಲಿ ಸುಮ್ನೆ ನಿಂತ್ರು. ಎರಡ್ನೇ ಸಲಾನೂ ಇವ್ಳು ಹಟಕ್ಕೆ ಬಿದ್ದು ಸುಮ್ಕಾಗಿರ್ತಾಳೆ. ಅವ್ರು ಮಾತಿನ ಜಾಗ ಅನ್ಕಂಡು ಬಿಟ್ಟು ಬಂದಿದಾರೆ. ಅಲ್ಲೇನೂ ಇರಲಿಲ್ಲ!”

ಅವನು ಕೆಟ್ಟವನಲ್ಲ. ಹೆಂಡತಿಯ ತಲೆಯಲ್ಲಿ ಪೀಡೆ ಉಳಿದಿದೆ ಎಂದು ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ತಂಗಿ ಒಳಗಿನಿಂದ ಬಂದಳು.

“ಏನ್ರೀ, ಈರುಳ್ಳಿ ಏನು ನನ್ ಗಂಡನಾ, ಹೆಸ್ರು ಹೇಳದಿರಕೆ?”

ನನಗೆ ನಗು ಬಂತು. ಅವನಿಗೆ ಬರಲಿಲ್ಲ.

“ನಿಮ್ ಹೆಸ್ರು ಕೇಳ್ದಾಗ ಅದು ಇಲ್ಲೇ ಇತ್ತು” ಎಂದು ಅವಳು ಕೆಳದುಟಿ ಮುಟ್ಟಿಕೊಂಡಳು. “ನಾನೇ ಹಲ್ಲು ಕಚ್ಚಿ ತಡ್ದೆ. ಈರುಳ್ಳಿ ಕೇಳ್ದಾಗ ತಡಿಯಕೆ ಏನೂ ಇರ್ಲೇ ಇಲ್ಲ. ಕಣ್ಣಿಗೆ ಕಾಣ್ತೈತೆ, ಬಾಯಿಗೆ ಸಿಗ್ತಿಲ್ಲ. ಅದ್ರ ವಾಸ್ನೆ ಬಂದಂಗಾತು, ಹೆಸ್ರಿಲ್ಲ. ಕಡ್ಡಿ ಎತ್ತಿದ್ರು, ಬಂತು. ಇಟ್ರು, ಹೋತು. ಒಂದ್ಸಲ ಅಲ್ಲ. ಹಟ ನಂದಾ, ಆ ಕಡ್ಡೀದಾ?”

ಅವಳು ಜಗಲಿಯ ಮೇಲೆ ಅವನ ಎದುರಿಗೆ ಕೂತಳು.

“ಈರುಳ್ಳಿ ಎಳೇದಿದ್ದಾಗ ಅದ್ರ ಬೇರಿಗೆ ಗರಿಕೆ ಸುತ್ಕಂಡ್ರೆ ನಮ್ ಹೆಂಗಸ್ರು ಏನ್ ಮಾಡ್ತಾರೆ, ನೀವೇ ಹೇಳ್ರಿ. ನಿಮ್ ಹೊಲದಾಗೂ ಮಾಡಿದೀವಿ.”

“ಕೀಳಲ್ಲ” ಎಂದ ಅವನು ಮೆಲ್ಲಗೆ. “ಕಿತ್ರೆ ಈರುಳ್ಳೀನೂ ಬರ್ತೈತೆ. ಮೇಲೆ ಕೊಯ್ದು ಬಿಡ್ತೀರಿ.”

“ಬಿಟ್ಟು?”

“ಮತ್ತೆ ಚಿಗುರಿದಾಗ ಮತ್ತೆ ಇಳೀತೀರಿ.”

“ಹೂಂ. ಆಗ ಯಾವತ್ತಾದ್ರೂ ಕೆಲ್ಸ ಅರ್ಧ ಬಿಟ್ರಿ ಅಂದಿದೀರಾ ನಮಗೆ? ಆ ಡಾಕ್ಟರವ್ವನೂ ಹಂಗೇ ಬಿಟ್ಟಿದಾಳೆ. ಗರಿಕೆ ಹೋಗಿ ಹೊಲಾನೇ ಬರಿದಾದ್ರೆ ಯಾರಿಗೆ ಬೇಕು? ನಾನು ಮಾತು ಇಟ್ಕಂಡು ಇದ್ದಷ್ಟು ದಿನ ಇರ್ತೀನಿ. ಮೂಕಿಯಾಗಿ ಮೂಲೇಲಿ ಕೂತು ನಿಮ್ ಮುಖ ನೋಡಕೆ ನನ್ ಕೈಲಾಗಲ್ಲ.”

ಡಾಕ್ಟರಮ್ಮ ಹೇಳಿದಾಗ ಹಳಿಯ ಲೆಕ್ಕದಲ್ಲಿ ನನಗೆ ಅರ್ಥವಾಗಿತ್ತು. ಆದರೆ ಅವಳು ತನ್ನ ತಲೆಯ ಸಂಗತಿಯನ್ನೇ ಹೊಲದಂತೆ ಎದುರಿಗಿಟ್ಟುಕೊಂಡು ಯಾವುದು ಬಿಡಬೇಕು, ಯಾವುದು ಕೊಯ್ಯಬೇಕು ಎಂದು ತೀರ್ಮಾನ ಮಾಡಿದ್ದು ಬೇರೆ ಮಾತು. ಅಷ್ಟು ಗಟ್ಟಿ ಗುಂಡಿಗೆ ನನಗಿಲ್ಲ. ಅಳು ಇಲ್ಲ, ಶಾಪ ಇಲ್ಲ, ಯಾರ ಮೇಲೂ ದೂರಿಲ್ಲ.

ಅವನು ಜಗಲಿಯಿಂದ ಎದ್ದು, “ಕರೆಂಟು ಎಷ್ಟು ವಾರ?” ಎಂದ. ನಾನು ಹೇಳಿದೆ. “ಅಲ್ಲಿವರೆಗೂ ಇವ್ಳು ನಿಮ್ಮನೇಲೇ ಇರ್ತಾಳಾ? ನಮ್ ಕಡೆ ಮಾತಾಡೋರೇ ಇರಲ್ಲ ಹಂಗಾರೆ” ಎಂದ.

“ಇದ್ದಾಗ ಕಿವಿ ಮುಚ್ಕಂತಿದ್ರಿ” ಎಂದಳು ತಂಗಿ.

ಒಳಗೆ ಹೋಗಿ ಅವನೇ ಅವಳ ಸೀರೆಗಳನ್ನು ಚೀಲಕ್ಕೆ ತುಂಬಿದ, ಮಡಿಸಲು ಬಾರದೆ ಉಂಡೆ ಮಾಡಿ. ಅವಳು ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಮಡಿಸಿದಳು, ಬೈಯುತ್ತಲೇ. “ಹೋಗಾಣ ನಡೀ ಅಕ್ಕ, ಬಸ್ಸು ತಪ್ತೈತೆ” ಎಂದಳು. ಅವನು ಹಿರಿಯೂರಿನವರೆಗೆ ಬಂದು ಬಸ್ಸು ಹತ್ತಿಸಿ ಹೋದ.

ಮಾರನೆಯ ದಿನ ಬೆಳಿಗ್ಗೆ ನಾನು ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿದೆ. ತಂಗಿಯ ತಲೆಯ ಹೊಲಿಗೆಗೆ ಬಿಸಿಲು ತಾಗದಂತೆ ನನ್ನ ಹಳೆಯ ಹತ್ತಿ ಸೀರೆಯ ಸೆರಗು ಹರಿದು ಕಟ್ಟಿದೆ. ಸ್ಟೇಷನ್ನಿಗೆ ನಡೆದುಕೊಂಡು ಹೋಗಿ ದಾವಣಗೆರೆಗೆ ಎರಡು ಟಿಕೆಟ್ ತೆಗೆಸಿದೆ.